ಹಿಂದೆ ನಿಂತು ಕೂಗುವ ಕೆಲಸ

ಅಮೆರಿಕಕ್ಕೆ ಹೋಗಿ ಬಂದವರು ಎತ್ತರದ ಕಟ್ಟಡ, ಜಲಪಾತ, ಹಿಮ ಅಂತೆಲ್ಲ ಬರೆಯುತ್ತಾರೆ. ನಾನು ಅವು ಯಾವುದನ್ನೂ ನೋಡಿಲ್ಲ. ನೋಡಿದ್ದು ಅಕ್ಕನ ಅಡುಗೆಮನೆ, ಒಂದು ಕಾಫಿ ಅಂಗಡಿ ಮತ್ತು ಒಂದು ಶಾಲೆಯ ಆಟದ ಮೈದಾನ. ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಮೊನ್ನೆ ಇಲ್ಲೇ ಕಾಮೆಂಟಿನಲ್ಲಿ ಯಾರೋ "ಮೇಡಂ, ನೀವೂ ಫಾರಿನ್‌ಗೆ ಹೋಗಿದ್ರಂತಲ್ಲ, ಬರೀರಿ" ಅಂದರು. ಬರೆಯುತ್ತೇನೆ. ಫೋಟೊ ಮಾತ್ರ ಕೇಳಬೇಡಿ. ರೀಲು ತುಂಬಿತು ಅಂದುಕೊಂಡು ಕ್ಯಾಮೆರಾದ ಹಿಂಬದಿ ತೆಗೆದೆ, ಎಲ್ಲ ಬೆಳಕು ಬಿದ್ದು ಹಾಳಾಯಿತು.

ನನ್ನನ್ನು ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಹುಟ್ಟಿದ್ದು ಕೊಟ್ಟೂರಿನಲ್ಲಿ, ಕೆಲಸ ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ, ಪಿ.ಟಿ. ಟೀಚರ್. ಕಾಲೇಜಿನಲ್ಲಿ ಕಬಡ್ಡಿ ಆಡಿದವಳು, ಎಡ ಕಾರ್ನರ್. ನನ್ನ ಅಕ್ಕ ಗಂಗಕ್ಕ ನರ್ಸ್. ಮೊದಲು ಕೊಲ್ಲಿ ದೇಶ, ಆಮೇಲೆ ಟೆಕ್ಸಾಸಿನ ಒಂದು ಸಣ್ಣ ಊರು. ಭಾವ ಮಲ್ಲೇಶಪ್ಪ ಕೊಟ್ಟೂರು–ಹೊಸಪೇಟೆ ನಡುವೆ ಲಾರಿ ಓಡಿಸುತ್ತಿದ್ದವರು. ಅಲ್ಲಿ ಹೋಗಿಯೂ ಲಾರಿಯನ್ನೇ ಹಿಡಿದರು, ಚಕ್ರ ಮಾತ್ರ ಜಾಸ್ತಿಯಾದವು. ಅಕ್ಕನಿಗೆ ಪಿತ್ತಕೋಶದ ಕಲ್ಲಿಗೆ ಹೊಟ್ಟೆ ಕೊಯ್ದಿದ್ದರು. ಬಾಣಂತನಕ್ಕೆ ಹೋಗುವವರ ಹಾಗೆ ನಾನು ಆಪರೇಷನ್ನಿಗೆ ಹೋದೆ.

ಡಲ್ಲಾಸ್, ವಿಮಾನ ನಿಲ್ದಾಣ

ನನ್ನ ಚೀಲದ ಮುಂದೆ ಒಂದು ನಾಯಿ ಬಂದು ಕೂತುಬಿಟ್ಟಿತು. ಎದ್ದು ಹೋಗಲೊಲ್ಲದು. ಅಧಿಕಾರಿ ಚೀಲ ಬಿಚ್ಚಿಸಿದ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಕಟಕ ರೊಟ್ಟಿ. ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು, ಬೆರಳಿನಿಂದ ಬಡಿದು ನೋಡಿದ. ಟಣ್ ಅಂದಿತು. ಇದನ್ನು ತಿನ್ನುತ್ತಾರೆ ಅಂತ ನಂಬಿಸಲು ನಾನು ಅಲ್ಲೇ ಒಂದು ಚೂರು ಮುರಿದು ತಿಂದೆ. ನಾಯಿಗೆ ಬೇಕಾಗಿದ್ದದ್ದೂ ಅಷ್ಟೇ ಇರಬೇಕು, ಉದುರಿದ ಚೂರು ನೆಕ್ಕಿ ಎದ್ದು ಹೋಯಿತು.

ಹೊರಗೆ ಭಾವ ನಿಂತಿದ್ದರು. ಪಕ್ಕದಲ್ಲಿ ಅಕ್ಕನ ಮಗ ಕೊಟ್ರೇಶ. ಆರು ವರ್ಷದವನಿದ್ದಾಗ ಊರು ಬಿಟ್ಟವನು, ಈಗ ಹದಿನೇಳು. ಬಂದವನೇ ಕಾಲು ಮುಟ್ಟಿದ.

"ಚೊಲೋ ಬಂದ್ರಾ ಸಣ್ಣಮ್ಮ? ಹಾದ್ಯಾಗ ಏನಾರ ತ್ರಾಸಾತೇನು?"

ನನಗೆ ನಗು ತಡೆಯಲಿಲ್ಲ. ಮೈಮೇಲೆ ಅಮೆರಿಕದ ಹುಡುಗರ ಜೋಲು ಅಂಗಿ, ಬಾಯಲ್ಲಿ ನಮ್ಮ ಅಜ್ಜಿ. ಮನೆಯೊಳಗಷ್ಟೇ ಆಡಿದ ಕನ್ನಡ, ಹಾಗೇ ಕೆಡದೆ ಉಳಿದಿತ್ತು. ಅಷ್ಟು ಕೇಳಿದವನು ಮನೆ ಮುಟ್ಟುವವರೆಗೆ ಮತ್ತೆ ತುಟಿ ಬಿಚ್ಚಲಿಲ್ಲ.

ದಾರಿಯುದ್ದಕ್ಕೂ ಕಿಟಕಿಯಲ್ಲಿ ಹತ್ತಿ ಹೊಲ, ಬೋಳು ನೆಲ, ಅಂಚಿಗೆ ಬಳ್ಳಾರಿ ಜಾಲಿ. "ಭಾವ, ಇದು ನಮ್ಮ ಕೂಡ್ಲಿಗಿ ರೋಡ ಅಲ್ಲೇನ್ರಿ?" ಅಂದೆ.

"ಹ್ಞೂಂ, ಅದ ಜಾಲಿ. ಇಲ್ಲಿ ಮಂದಿ ಇದರ ಕಟಗಿ ಹಚ್ಚಿ ಮಾಂಸ ಸುಡ್ತಾರ, ರುಚಿ ಬರತೈತಂತ. ನಾವು ಬರೇ ಮುಳ್ಳು ಚುಚ್ಚಿಸ್ಕೊಂಡ್ವಿ ನೋಡು" ಅಂದರು ಭಾವ.

ಅಕ್ಕನ ಮನೆ, ಸೋಮವಾರ

ಅಕ್ಕ ಹೊಟ್ಟೆಗೆ ದಿಂಬು ಒತ್ತಿಕೊಂಡು ಓಡಾಡುತ್ತಿದ್ದಳು. ಕೆಮ್ಮಿದರೂ ನಕ್ಕರೂ ಹೊಲಿಗೆ ಎಳೆಯುತ್ತದಂತೆ, ದಿಂಬು ಒತ್ತಿಕೊಂಡರೆ ತಡೆಯುತ್ತದಂತೆ. ಬೆಳಿಗ್ಗೆ ಭಾವ ಲಾರಿ ತೆಗೆದುಕೊಂಡು ಹೊರಡಬೇಕು, ಶನಿವಾರವೇ ವಾಪಸು. ದೇವರಿಗೆ ಕೈಮುಗಿದರು, ನೀರು ಕುಡಿದರು, ಹೊರಟರು. ನೋಡಿದರೆ ಬುತ್ತಿ ಕಟ್ಟೆಯ ಮೇಲೇ ಇದೆ. ನಾನು ಬಾಗಿಲಿಗೆ ಓಡಿ ಬಾಯಿ ತೆರೆದೆ.

"ಶಾರದೀ! ಕೂಗಬ್ಯಾಡ! ಹಿಂದಿಂದ ಕರೀಬ್ಯಾಡಲೇ!" ಅಕ್ಕ ದಿಂಬು ಒತ್ತಿ ಹಿಡಿದು ಚೀರಿದಳು. "ಹಿತ್ತಲಾಗಿಂದ ಹೋಗು. ಮುಂದ ಹೋಗಿ ನಿಂದ್ರು!"

ಹೊರಟವರನ್ನು ಹಿಂದಿನಿಂದ ಕರೆಯಬಾರದು ಅನ್ನುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ಹೋದ ಕೆಲಸ ಕೆಡುತ್ತದೆ, ಇಲ್ಲವೇ ಹೋದವರಿಗೆ ಏನಾದರೂ ಆಗುತ್ತದೆ ಅಂತ. ಆದರೆ ಕೊಟ್ಟೂರಿನಲ್ಲಿ ನಾವು ಮರೆತು ಕರೆದು, ನಾಲಿಗೆ ಕಚ್ಚಿಕೊಂಡು, "ಕೂತು ನೀರು ಕುಡದು ಹೋಗಪ್ಪ" ಅಂತ ಮುಗಿಸಿಬಿಡುತ್ತೇವೆ. ಇಲ್ಲಿ ಹಾಗಲ್ಲ. ನೈಟಿ ತೊಟ್ಟ ನಾನು ಹಿತ್ತಲ ಬೇಲಿ ದಾಟಿ, ಪಕ್ಕದ ಮನೆಯವರ ಹುಲ್ಲು ತುಳಿದು, ಎದುರಿನ ಬಯಲಿನಲ್ಲಿ ಹೊರಟಿದ್ದ ಆ ದೈತ್ಯ ಲಾರಿಯ ಮುಂದೆ ಬುತ್ತಿ ಎತ್ತಿ ಹಿಡಿದು ನಿಂತೆ. ಪಕ್ಕದ ಮನೆಯಾತ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ನೋಡುತ್ತಿದ್ದ.

ವಾಪಸು ಬಂದು ಉಗಿದೆ. "ಅಲ್ಲಕ್ಕ, ದಿನಾ ಮಂದಿಗೆ ಸೂಜಿ ಚುಚ್ಚಾಕಿ ನೀನು. ನಿಂಗಿದೆಲ್ಲ ಯಾಕ ಬೇಕು?"

"ಅವರ ಲಾರಿ ಒಮ್ಮಿ ಬಿದ್ದೈತಿ. ನಂಗ ಗೊತ್ತು, ನಿಂಗ ಗೊತ್ತಿಲ್ಲ. ಸುಮ್ನಿರು" ಅಂದಳು.

ಕೊಟ್ರೇಶ ಶಾಲೆಯ ಚೀಲ ಹೆಗಲಿಗೇರಿಸಿಕೊಂಡು ನಮ್ಮಿಬ್ಬರ ನಡುವೆ ದಾಟಿ ಹೋದ. ತಲೆ ಎತ್ತಲಿಲ್ಲ.

ಶಾಲೆಯ ಮೈದಾನ, ಮಂಗಳವಾರ

ಆ ಊರಿನಲ್ಲಿ ಶಾಲೆಯ ಕಟ್ಟಡಕ್ಕಿಂತ ಮೈದಾನ ದೊಡ್ಡದು. ಫುಟ್‌ಬಾಲ್ ಅಂತಾರೆ, ಕಾಲಿನಿಂದ ಒದೆಯುವುದು ಅಪರೂಪ. ಚೆಂಡು ತೆಂಗಿನಕಾಯಿಯ ಆಕಾರ. ಒಂದು ತಂಡ ಅದನ್ನು ಹೊತ್ತೋ ಎಸೆದೋ ಮುಂದೆ ಒಯ್ಯಬೇಕು, ಇನ್ನೊಂದು ತಂಡ ತಡೆಯಬೇಕು. ತಡೆಯುವವರಲ್ಲಿ ಅಂಚಿಗೆ ನಿಲ್ಲುವವನು ಕಾರ್ನರ್‌ಬ್ಯಾಕ್. ಅವನ ಎದುರಿಗೆ ಚೆಂಡು ಹಿಡಿಯಲು ಓಡುವ ಒಬ್ಬ ಇರುತ್ತಾನೆ. ಆ ಒಬ್ಬನೇ ಇವನ ಪಾಲು, ಅವನು ಎಲ್ಲಿ ಓಡಿದರೆ ಅಲ್ಲಿ ನೆರಳಿನ ಹಾಗೆ ಇವನೂ ಓಡಬೇಕು. ಎಲ್ಲರಿಗಿಂತ ಹಿಂದೆ, ನಡುಮಧ್ಯದಲ್ಲಿ ನಿಲ್ಲುವವನು ಫ್ರೀ ಸೇಫ್ಟಿ. ಅವನ ಪಾಲಿಗೆ ಯಾರೂ ಇಲ್ಲ, ಎಲ್ಲರೂ ಇದ್ದಾರೆ. ಚೆಂಡು ಎಸೆಯುವವನ ಕಣ್ಣು ನೋಡಬೇಕು, ಯಾರು ನುಸುಳುತ್ತಿದ್ದಾರೆ ನೋಡಬೇಕು, ತನ್ನವರಿಗೆ ತಿಳಿಸಬೇಕು. ಅವನನ್ನು ದಾಟಿದರೆ ಮುಂದೆ ಬರೀ ಹುಲ್ಲು.

ಕೊಟ್ರೇಶ ಎರಡು ವರ್ಷದಿಂದ ಕಾರ್ನರ್. ಬೇಸಿಗೆಯಲ್ಲಿ ತೊಡೆಯ ಸ್ನಾಯು ಹರಿದುಕೊಂಡಿದ್ದ. ವಾಸಿಯಾಗಿತ್ತು, ಆದರೆ ಓಟದಲ್ಲಿ ಒಂದು ಹೆಜ್ಜೆ ಕಡಿಮೆ. ಕಾರ್ನರ್‌ಗೆ ಆ ಒಂದು ಹೆಜ್ಜೆಯೇ ಬದುಕು. ಅವನ ಜಾಗಕ್ಕೆ ಆಗಲೇ ಒಬ್ಬ ಕೆಂಪು ಕೂದಲಿನ ಕಿರಿಯನನ್ನು ನಿಲ್ಲಿಸಿದ್ದರು.

ನಾನೂ ಪಿ.ಟಿ. ಟೀಚರ್ ಅಂತ ತಿಳಿದು ಕೋಚ್ ಕೈ ಕುಲುಕಿದ. ಹೆಗಲ ಮೇಲೆ ಟವೆಲ್ಲು, ನಮ್ಮ ಕಡೆಯ ದಲಾಲರ ಹಾಗೆ. ಅವನ ಇಂಗ್ಲಿಷ್ ನನಗೆ ಅರ್ಧಕ್ಕರ್ಧ ತಿಳಿಯಲಿಲ್ಲ. ಕೊಟ್ರೇಶನೇ ತನ್ನ ವಿಷಯವನ್ನು ತಾನೇ ಅನುವಾದ ಮಾಡಬೇಕಾಯಿತು, ಪಾಪ.

"ಏನಂತಾನಲೇ?"

"ನಂಗ ಕೈ ಚೊಲೋ ಅದಾವಂತ. ತಲಿನೂ ಐತಂತ. ಅದಕ ಹಿಂದ ನಿಂದ್ರಿಸಿ ನೋಡ್ತೀನಿ ಅಂತಾರ. ಶುಕ್ರವಾರದ ಮ್ಯಾಚು. ಆಗಲಿಲ್ಲ ಅಂದ್ರ..." ನಿಲ್ಲಿಸಿದ.

"ಅಂದ್ರ?"

"ಈ ವರ್ಷ ಪೂರ್ತಿ ಬೆಂಚು. ಇದ ಕಡೀ ವರ್ಷ, ಮುಂದಿನ ವರ್ಷ ನಂಗ ಸಾಲಿನ ಇರಂಗಿಲ್ಲಲ್ಲ."

ಅಭ್ಯಾಸ ಶುರುವಾಯಿತು. ನಾನು ತಂತಿಗೆ ಆತುಕೊಂಡು ನೋಡಿದೆ. ಹುಡುಗ ಹಿಂದೆ ನಿಲ್ಲುತ್ತಾನೆ, ಚೆನ್ನಾಗಿಯೇ ನೋಡುತ್ತಾನೆ. ಎಡಗಡೆ ಒಬ್ಬ ನುಸುಳುವುದು ನನಗಿಂತ ಮೊದಲು ಅವನಿಗೆ ಕಾಣುತ್ತದೆ, ತಲೆ ತಿರುಗುವುದರಲ್ಲೇ ಗೊತ್ತಾಗುತ್ತದೆ. ಕಂಡ ಕೂಡಲೇ ಜಾಗ ಬಿಟ್ಟು ಮುಂದಕ್ಕೆ ಓಡುತ್ತಾನೆ. ತನ್ನವನೊಬ್ಬನ ಎದುರಿಗೇ ಹೋಗಿ ಕೈ ಮಾಡಿ ತೋರಿಸುತ್ತಾನೆ. ಅಷ್ಟರಲ್ಲಿ ಹಿಂದೆ ಖಾಲಿಯಾದ ಜಾಗದಲ್ಲಿ ಚೆಂಡು ಬಿದ್ದಿರುತ್ತದೆ. ಮತ್ತೆ ನಿಲ್ಲಿಸಿದರು, ಮತ್ತೆ ಅದೇ. ಕೋಚ್ ಟವೆಲ್ಲನ್ನು ನೆಲಕ್ಕೆ ಬಡಿದ.

ನನಗೆ ಅನುಮಾನವೇ ಉಳಿಯಲಿಲ್ಲ. ಕಬಡ್ಡಿಯಲ್ಲಿ ನನ್ನನ್ನೂ ಒಂದು ಸಲ ಕಾರ್ನರ್‌ನಿಂದ ತೆಗೆದು ಒಳಗೆ ಕವರ್‌ಗೆ ಹಾಕಿದ್ದರು. ಕಾರ್ನರ್‌ನವಳ ಕಣ್ಣು ದಾಳಿಗೆ ಬಂದವಳ ಕಾಲಿನ ಮೇಲೆ, ಕವರ್‌ನವಳ ಕಣ್ಣು ಇಡೀ ಅಂಗಳದ ಮೇಲೆ. ಎಷ್ಟು ಬೈಸಿಕೊಂಡರೂ ನನ್ನ ಕಾಲು ತಾನಾಗಿ ಮೂಲೆಗೇ ಸರಿಯುತ್ತಿತ್ತು. ಮನೆಗೆ ನಡೆಯುವಾಗ ಹೇಳಿಯೇಬಿಟ್ಟೆ.

"ಆಗಂಗಿಲ್ಲಲೇ ಕೊಟ್ರ್ಯಾ. ಕಾರ್ನರ್ ಆಡಿದ ಕಾಲು ಅದು. ಹಿಂದ ನಿಂದ್ರಂಗಿಲ್ಲ."

ಎರಡು ಬೀದಿ ದಾಟಿದ ಮೇಲೆ ಮೆಲ್ಲಗೆ, "ಕಾಲಿಂದಲ್ಲ ಸಣ್ಣಮ್ಮ" ಅಂದ. ಕೇಳುವಷ್ಟರಲ್ಲಿ ಮನೆ ಬಂತು.

ಕಾಫಿ ಅಂಗಡಿ, ಬುಧವಾರ

ಅಕ್ಕನ ಔಷಧಿ ತರಲು ಹೋದವಳು ಕಾಫಿ ಅಂಗಡಿಗೆ ನುಗ್ಗಿದೆ. ಕಾಫಿ ಹೇಗಿತ್ತು ಅಂದರೆ, ನಮ್ಮಲ್ಲಿ ಲೋಟ ತೊಳೆದ ನೀರಿಗೂ ಅದಕ್ಕಿಂತ ಬಣ್ಣ ಇರುತ್ತದೆ. ಜೊತೆಗೆ ಕುಡಿದಷ್ಟೂ ತುಂಬಿಸುತ್ತಾರೆ, ಬೇಡ ಅಂದರೂ ಬಿಡುವುದಿಲ್ಲ. ಮಂದಿ ಮಾತ್ರ ಥೇಟ್ ನಮ್ಮವರು. ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಕ್ಕಿ ಮುಕ್ಕುತ್ತ ಎಲೆಕ್ಷನ್ ಮಾತಾಡುವವರಂತೆ ಅಲ್ಲಿ ಫುಟ್‌ಬಾಲ್. ನಾನು ಕೊಟ್ರೇಶನ ಚಿಕ್ಕಮ್ಮ ಅಂತ ಗೊತ್ತಾಗಿದ್ದೇ ತಡ, ನಾಲ್ಕು ಕುರ್ಚಿ ನನ್ನ ಕಡೆ ತಿರುಗಿದವು. ಅವನನ್ನು ಅವರೆಲ್ಲ 'ಕಾಟ್' ಅನ್ನುತ್ತಾರೆ. ಅವರ ಮಾತಿನಲ್ಲಿ ನನಗೆ ತಿಳಿದಷ್ಟು ಹೇಳುತ್ತೇನೆ.

"ಕಾಟ್ ಕಾರ್ನರ್ ಹುಡುಗ. ಕಾರ್ನರ್‌ಗಳನ್ನು ಸೇಫ್ಟಿ ಮಾಡಲು ಬರುವುದಿಲ್ಲ" ಅಂದ ಒಬ್ಬ ಹತ್ತಿ ಬೆಳೆಗಾರ. "ಅವರಿಗೆ ಒಬ್ಬನ ಜೊತೆ ಜಿದ್ದು ಬೇಕು. ಹಿಂದೆ ನಿಂತು ಕಾಯುವ ತಾಳ್ಮೆ ಇರುವುದಿಲ್ಲ."

"ಯಾಕೆ ಬರುವುದಿಲ್ಲ? ನನ್ನ ತಮ್ಮ ಆಗಿದ್ದ" ಅಂದ ಇನ್ನೊಬ್ಬ. "ವೇಗ ಕಡಿಮೆಯಾದ ಕಾರ್ನರ್‌ಗೆ ಅದೇ ಒಳ್ಳೆಯ ಜಾಗ. ಎದುರಾಳಿ ಏನು ಮಾಡುತ್ತಾನೆ ಅಂತ ಅವನಿಗೆ ಮೊದಲೇ ಗೊತ್ತಿರುತ್ತದೆ."

"ನಿನ್ನ ತಮ್ಮ ಗೂಳಿ ಇದ್ದ ಹಾಗಿದ್ದ. ಈ ಹುಡುಗ ಕಡ್ಡಿ. ಎದುರಿನಿಂದ ಓಡಿಬರುವವನನ್ನು ಕೆಡವುತ್ತಾನೇನು?" ಅಂದ ಹತ್ತಿ ಬೆಳೆಗಾರ.

ಕಾಫಿ ತುಂಬಿಸುತ್ತಿದ್ದ ಹೆಂಗಸು ನನ್ನ ಲೋಟದ ಮೇಲೆ ಬಾಗಿ, ನಿಧಾನವಾಗಿ, ನನಗೆ ತಿಳಿಯುವ ಹಾಗೆ ಹೇಳಿದಳು. "ಅದೆಲ್ಲ ಬಿಡಿ. ಆ ಹುಡುಗ ಕೂಗುವುದಿಲ್ಲ. ನನ್ನ ಮಗನೂ ಅದೇ ತಂಡದಲ್ಲಿದ್ದಾನೆ. ಹಿಂದೆ ನಿಂತವನು ಕೂಗದಿದ್ದರೆ ಮುಂದಿದ್ದವರಿಗೆ ಬೆನ್ನಿಗೆ ಕಣ್ಣಿರುತ್ತದೆಯೇ?"

ಹತ್ತಿ ಬೆಳೆಗಾರ, "ನಾಚಿಕೆ ಇರಬೇಕು" ಅಂದ. ನಾನು ಮನೆಗೆ ಹೊರಟೆ. ಔಷಧಿಯ ಪೊಟ್ಟಣವನ್ನು ಕಾಫಿ ಅಂಗಡಿಯಲ್ಲೇ ಮರೆತಿದ್ದೆ, ಮತ್ತೆ ಹೋದೆ. ತಲೆಯಲ್ಲಿ ಅದೊಂದೇ ಮಾತು. ಎದುರು ನಿಂತರೆ ಹುಡುಗ ಚೆನ್ನಾಗಿಯೇ ಮಾತಾಡುತ್ತಾನಲ್ಲ?

ಹಿತ್ತಲು, ಗುರುವಾರ

ಶಾಲೆ ಬಿಟ್ಟು ಬಂದವನನ್ನು ಹಿತ್ತಲಿಗೆ ಎಳೆದೆ. ಅಕ್ಕ ಒಳಗೆ ಮಲಗಿದ್ದಳು. ನಾನು ಒಗೆದ ಬಟ್ಟೆಯ ಬುಟ್ಟಿ ಹಿಡಿದು ಹೇಳಿದೆ.

"ನೀನು ಬಾಗಿಲ ಮುಂದ ನಿಂದ್ರು. ಅದ ನಿನ್ನ ಜಾಗ. ನಾನು ಹಗ್ಗದ ಕಡಿ ಹೊಂಟೀನಿ. ಎಡಕ್ಕ ಒಂದು ಕಲ್ಲು ಐತಿ, ನಾ ಎಡವತೀನಿ ಅನ್ಕ. ಕೂಗಬೇಕು. ಜಾಗ ಬಿಡಬ್ಯಾಡ."

ನಡೆದೆ. ಹಿಂದೆ ಸದ್ದಿಲ್ಲ. ಕಲ್ಲಿಗೆ ಎರಡು ಹೆಜ್ಜೆ ಇತ್ತು, ಹುಲ್ಲಿನ ಮೇಲೆ ದಡದಡ ಓಡಿದ ಸದ್ದಾಯಿತು. ಹುಡುಗ ಸುತ್ತು ಹಾಕಿ ಬಂದು ನನ್ನ ಎದುರಿಗೆ ನಿಂತ. ಎರಡೂ ಕೈ ಚಾಚಿ, "ಕಲ್ಲು ಐತಿ" ಅಂದ. ಏದುಸಿರು.

ನಾನು ಬುಟ್ಟಿ ಕೆಳಗಿಟ್ಟೆ. ಸೋಮವಾರ ನಾನು ನೈಟಿಯಲ್ಲಿ ಬೇಲಿ ಹಾರಿ ಲಾರಿಯ ಎದುರಿಗೆ ಹೋಗಿ ನಿಂತಿದ್ದೆನಲ್ಲ, ಇವನೂ ಅದನ್ನೇ ಮಾಡುತ್ತಿದ್ದ. ಮೈದಾನದಲ್ಲಿ ದಿನವೂ ಅದನ್ನೇ ಮಾಡುತ್ತಿದ್ದ. ಕಾರ್ನರ್ ಕಾಲೂ ಅಲ್ಲ, ಮಣ್ಣೂ ಅಲ್ಲ.

"ಲೇ, ಹಿಂದಿಂದ ಕರೀಬಾರದು ಅಂತ ಕೂಗವಲ್ಲಿ ಏನು ನೀನು?"

ಒದ್ದೆ ಅಂಗಿಯೊಂದನ್ನು ಎತ್ತಿಕೊಂಡು ಹಿಂಡತೊಡಗಿದ. ಅದು ಆಗಲೇ ಹಿಂಡಿದ್ದೇ.

"ಹುಚ್ಚತನ ಅಂತ ಗೊತ್ತೈತಿ ಸಣ್ಣಮ್ಮ. ಬಾಯಿ ತೆಗಿತೀನಿ. ಬರಂಗಿಲ್ಲ."

"ಯಾವಾಗಿಂದ?"

ಹೇಳಿದ. ಹತ್ತು ವರ್ಷದವನಿದ್ದಾಗ ಮೊದಲ ಸಲ ತಂಡಕ್ಕೆ ಸೇರಿದ್ದನಂತೆ. ಭಾವ ಲಾರಿ ಹತ್ತಿ ಹೊರಟಿದ್ದರು. ಇವನು ಹಿಂದೆ ಓಡಿ, "ಅಪ್ಪಾ, ನಂಗ ಬೂಟು ತಗಂಬಾ" ಅಂತ ಕೂಗಿದ. ಅವತ್ತು ಸಂಜೆ ಮಳೆಯಲ್ಲಿ ಲಾರಿ ಮಗುಚಿ ಬಿತ್ತು. ಭಾವನ ಹೆಗಲು ಮುರಿಯಿತು. ಆಸ್ಪತ್ರೆಯ ಬಾಗಿಲಿನಲ್ಲಿ ಅಕ್ಕ ಇವನನ್ನು ಕೇಳಿದ್ದು ಒಂದೇ ಮಾತು. "ನೀನು ಹಿಂದಿಂದ ಕರದ್ಯೇನಲೇ?"

"ಆಮ್ಯಾಲ?"

"ಆಮ್ಯಾಲ ಏನೂ ಅನ್ಲಿಲ್ಲ. ಅವ್ವಗ ನೆನಪೂ ಇಲ್ಲ ಅನ್ಸತೈತಿ." ಅಂಗಿ ಕೆಳಗಿಟ್ಟ. "ಹೇಳಬ್ಯಾಡ್ರಿ ಸಣ್ಣಮ್ಮ. ಹೊಟ್ಟಿ ಕೊಯ್ಸಿಕೊಂಡಾಳ, ಅಳಬಾರದು."

ನಾನು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಬುದ್ಧಿ ಹೇಳಿದೆ, ಬೈದೆ, "ಈಗ ಕೂಗು, ನನ್ನ ಕೂಗು" ಅಂತ ಹಿತ್ತಲ ತುಂಬ ಬೆನ್ನು ಹಾಕಿ ನಡೆದೆ. ಅವನ ಗಂಟಲಿನಿಂದ ಒಂದು ಗೊರ ಗೊರ ಬಂತು, ಅಷ್ಟೇ. ಕತ್ತಲಾಯಿತು. ಒಂದು ದಿನ ಉಳಿದಿತ್ತು.

ಮೈದಾನ, ಶುಕ್ರವಾರ ಸಂಜೆ

ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಊರಿಗೆ ಊರೇ ಮೈದಾನದಲ್ಲಿ. ಅಕ್ಕ ಬರುವುದೇ ಸೈ ಅಂದಳು. ಸ್ವೆಟರ್ ಹಾಕಿ, ಸೆರಗು ಸುತ್ತಿ, ದಿಂಬು ಒತ್ತಿಕೊಂಡು ಕೂತಳು. ನಮ್ಮ ತಂಡದವರು ಚೆಂಡು ಹಿಡಿದಾಗ ಇಡೀ ಗ್ಯಾಲರಿ ಗಪ್ಪಾಗುತ್ತಿತ್ತು, ತಮ್ಮವರಿಗೆ ತಮ್ಮವರ ಮಾತು ಕೇಳಲಿ ಅಂತ. ಮೈಲಾರದ ಜಾತ್ರೆಯಲ್ಲಿ ಕಾರಣಿಕ ನುಡಿಯಲು ಗೊರವಯ್ಯ ಬಿಲ್ಲೇರಿ 'ಸದ್ದಲೇ' ಅಂದಾಗ ಅಷ್ಟು ಜನ ಉಸಿರು ಹಿಡಿಯುತ್ತಾರಲ್ಲ, ಹಾಗೆ. ಎದುರಾಳಿಗಳು ಚೆಂಡು ಹಿಡಿದರೆ ಕಿವಿ ಹರಿಯುವ ಗದ್ದಲ. ಅದರೊಳಗೆ ಹಿಂದಿನಿಂದ ಕೂಗಿ ಕೇಳಿಸಬೇಕು ಅಂದರೆ ಎಂಥ ಗಂಟಲು ಬೇಕು ನೋಡಿ.

ಕೊಟ್ರೇಶ ಹಿಂದೆ, ಒಬ್ಬನೇ. ನೋಡಿದರೆ ಬಯಲಿನಲ್ಲಿ ನೆಟ್ಟ ಗೂಟ.

ಶುರುವಿನಲ್ಲಿ ಪರವಾಗಿಲ್ಲ ಅನ್ನಿಸಿತು. ತನ್ನ ಎರಡು ಪಟ್ಟು ಇದ್ದವನನ್ನು ಕಾಲಿಗೆ ಬಿದ್ದು ಕೆಡವಿದ, ನಮ್ಮ ಕಬಡ್ಡಿಯ ಕಾಲು ಹಿಡಿತವೇ. "ಕಡ್ಡಿ ಅಂದ್ರಲ್ಲ, ನೋಡ್ರಿ" ಅಂತ ಮುಂದಿನ ಸಾಲಿನಲ್ಲಿದ್ದ ಹತ್ತಿ ಬೆಳೆಗಾರನಿಗೆ ಕನ್ನಡದಲ್ಲೇ ಹೇಳಿದೆ. ಆಮೇಲೆ ಬಂತು ಅದು. ಎದುರಾಳಿಗಳಲ್ಲಿ ಒಬ್ಬ ಗುಂಪಿನಿಂದ ಸದ್ದಿಲ್ಲದೆ ಎಡಕ್ಕೆ ಜಾರಿದ. ಅಂಚಿನಲ್ಲಿದ್ದ ಕೆಂಪು ಕೂದಲಿನ ಹುಡುಗ ತನ್ನವನನ್ನೇ ನೋಡುತ್ತಿದ್ದ, ಜಾರಿದವನಿಗೆ ಬೆನ್ನು. ಕೊಟ್ರೇಶ ಅದನ್ನು ನೋಡಿದ. ಬಾಯಿ ತೆರೆದ. ತೆರೆದದ್ದು ನನಗೆ ಕಂಡಿತು. ಆಮೇಲೆ ಮುಂದಕ್ಕೆ ಓಡಿದ, ಕೆಂಪು ಕೂದಲಿನವನ ಎದುರಿಗೆ ಬರಲು. ಚೆಂಡು ಇಬ್ಬರ ತಲೆಯ ಮೇಲಿಂದ ಹೋಯಿತು. ಮುಂದೆ ಬರೀ ಹುಲ್ಲು.

ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಅದೇ ಎಡಗಡೆ.

ನಮ್ಮ ಹಿಂದಿನ ಸಾಲಿನಿಂದ ಯಾರೋ 'ಕಾಟ್‌ನನ್ನು ತೆಗೀರಿ' ಅಂತ ಕೂಗಿದರು. ಅಕ್ಕ ತಿರುಗಿ ನೋಡಿದಳು. ಕೆಳಗೆ ಕೋಚ್ ಟವೆಲ್ಲು ಬಡಿಯಲಿಲ್ಲ. ಸುಮ್ಮನೆ ಕೈಕಟ್ಟಿ ನಿಂತಿದ್ದ. ಅದು ಇನ್ನೂ ಕೆಟ್ಟದ್ದು. ನಾನೂ ಹುಡುಗರನ್ನು ಆಟದಿಂದ ತೆಗೆದಿದ್ದೇನೆ, ಆ ನಿಲುವು ನನಗೆ ಗೊತ್ತು.

ಅರ್ಧ ಆಟ ಮುಗಿಯಿತು. ತಂಡ ಒಳಗೆ ಹೋಯಿತು. ಬ್ಯಾಂಡು ಶುರುವಾಯಿತು.

"ಯಾಕ ಹಿಂಗ ಮಾಡಾಕತ್ಯಾನ ಇವ?" ಅಂದಳು ಅಕ್ಕ. "ಕಣ್ಣಿಗಿ ಕಾಣಸತೈತಿ, ಬಾಯಿ ಬಿಟ್ಟು ಹೇಳಾಕ ಏನು ಧಾಡಿ?"

ಹೇಳಬೇಡಿ ಅಂದ ಹುಡುಗನ ಮಾತು ಒಂದು ಕಡೆ, ಅವಳ ಹೊಲಿಗೆ ಒಂದು ಕಡೆ. ಹೇಳಿಬಿಟ್ಟೆ. ಬೂಟು, ಮಳೆ, ಆಸ್ಪತ್ರೆಯ ಬಾಗಿಲು. ಅವಳು ಕೇಳಿದ ಒಂದು ಮಾತು.

ಅಕ್ಕ ಅಳಲಿಲ್ಲ. ಬ್ಯಾಂಡಿನ ಕಡೆ ನೋಡುತ್ತ ಕೂತಳು. "ನಾ ಹಂಗಂದಿದ್ನೇನ?" ಅಂತ ಒಂದು ಸಲ ಕೇಳಿದಳು, ನನ್ನನ್ನಲ್ಲ. ಆಮೇಲೆ ಎದ್ದಳು.

"ಎಲ್ಲಿಗಕ್ಕ?"

"ಕೈ ಕೊಡು. ಕೆಳಗ ಇಳಸು."

ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದೆ. ಕಂಬಿಯ ಹತ್ತಿರ ನಿಂತೆವು. ತಂಡ ಹೊರಗೆ ಬಂತು, ಒಬ್ಬೊಬ್ಬರೇ ನಮ್ಮ ಮುಂದೆ ಹಾದು ಮೈದಾನಕ್ಕೆ ಓಡಿದರು. ಕೊಟ್ರೇಶ ಕೊನೆಗೆ. ನಮ್ಮನ್ನು ನೋಡಲಿಲ್ಲ, ದಾಟಿ ಹೋದ. ಅವನ ಬೆನ್ನು ಕಾಣುವವರೆಗೆ ಅಕ್ಕ ಕಾದಳು. ಬೇಕೆಂದೇ ಕಾದಳು. ಆಮೇಲೆ ದಿಂಬನ್ನು ಹೊಟ್ಟೆಗೆ ಗಟ್ಟಿಯಾಗಿ ಒತ್ತಿಕೊಂಡಳು.

"ಕೊಟ್ರೇಶಾ!"

ಕೊಟ್ಟೂರಿನ ಕೆರೆ ಏರಿಯ ಮೇಲೆ ನಿಂತು ಕೂಗಿದರೆ ಆಚೆ ದಂಡೆಗೆ ಕೇಳುವ ಕೂಗು ಅದು. ಬ್ಯಾಂಡಿನವನೊಬ್ಬ ತುತ್ತೂರಿ ಇಳಿಸಿದ. ಹುಡುಗ ಕಾಲು ಕಿತ್ತ ಜಾಗದಲ್ಲೇ ನಿಂತ. ತಿರುಗಿದ. ಮುಖ ಸುಣ್ಣ.

"ನೋಡು, ಹಿಂದಿಂದ ಕರದೀನಿ! ನಾನ ಕರದೀನಿ! ಏನಾಗತೈತಿ ಆಗ್ಲಿ. ಹೋಗು, ನೀನೂ ಕೂಗಲೇ!"

ಅವನು ಒಂದು ಗಳಿಗೆ ನಿಂತು, ಓಡಿದ. ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು. ಬಿಡಲಿಲ್ಲ. ಧೈರ್ಯ ಮಾಡಿ ಕರೆದದ್ದೇನೋ ಸರಿ, ನಂಬಿಕೆ ಅಷ್ಟು ಬೇಗ ಬಿಡುತ್ತದೆಯೇ? ಅವನು ಒಂದೊಂದು ಸಲ ಬಿದ್ದಾಗಲೂ ಅವಳ ಉಗುರು ನನ್ನ ಚರ್ಮಕ್ಕೆ ಇಳಿಯುತ್ತಿತ್ತು. ಒಂದು ಸಲ ಇಬ್ಬರು ಡಿಕ್ಕಿ ಹೊಡೆದು ಇವನು ಅಂಗಾತ ಬಿದ್ದ. ಏಳಲಿಲ್ಲ. ಗ್ಯಾಲರಿ ಗಪ್ಪಾಯಿತು. "ಸ್ವಾಮೀ ಕೊಟ್ರೇಶ, ನಂದ ತಪ್ಪು, ನಂದ ತಪ್ಪು" ಅಂತ ಅಕ್ಕ ನಮ್ಮೂರ ದೇವರನ್ನು ನೆನೆದು ಗುನುಗುತ್ತಿದ್ದಳು. ಯಾರೋ ನೀರು ಒಯ್ದರು. ಹುಡುಗ ಮೊಣಕಾಲೂರಿದ, ಎದ್ದ, ನಡೆದುಕೊಂಡು ಹೋಗಿ ತನ್ನ ಜಾಗದಲ್ಲೇ ನಿಂತ. ಹಿಂದೆ, ನಡುಮಧ್ಯೆ.

ಆಟ ಮುಗಿಯಲು ಬಂದಿತ್ತು. ಎದುರಾಳಿಗಳು ಸಾಲಾಗಿ ನಿಂತರು. ನಾನು ಚೆಂಡು ನೋಡಲಿಲ್ಲ, ಎಡಗಡೆಯನ್ನೇ ನೋಡುತ್ತಿದ್ದೆ. ಜಾರಿದ, ಅವನೇ. ಕೆಂಪು ಕೂದಲಿನವನು ಮತ್ತೆ ಬೆನ್ನು ಹಾಕಿದ್ದ. ಕೊಟ್ರೇಶ ಕಾಲು ಕದಲಿಸಲಿಲ್ಲ. ಕೈ ಚಾಚಿದ.

"ಎಡಕ್ಕ! ಎಡಕ್ಕ ಬಂದಾನ್ಲೇ! ಎಡಕ್ಕಾ!"

ಅಷ್ಟು ಗದ್ದಲದಲ್ಲಿ ನಮಗೇ ಕೇಳಿಸಿತು. ಕೆಂಪು ಕೂದಲಿನವನಿಗೆ ಯಾವ ಕನ್ನಡ ಬರಬೇಕು? ಆದರೆ ಬೆನ್ನಿಗೆ ಅಂಥ ದನಿ ಬಡಿದರೆ ಯಾರಾದರೂ ತಿರುಗುತ್ತಾರೆ. ತಿರುಗಿದ, ಚಾಚಿದ ಕೈ ಕಂಡ, ಹಾರಿದ. ಚೆಂಡು ಅವನ ಬೆರಳಿಗೆ ತಾಗಿ ಹುಲ್ಲಿಗೆ ಬಿತ್ತು.

ಆಟ ಸೋತೆವು. ಮೊದಲರ್ಧದಲ್ಲಿ ಕೊಟ್ಟದ್ದು ವಾಪಸು ಬರಲಿಲ್ಲ. ಜನ ಎದ್ದು ಹೋದರು. ನಾವು ಕಂಬಿಯ ಹತ್ತಿರವೇ ನಿಂತಿದ್ದೆವು, ಕೋಚ್ ಏನು ಅನ್ನುತ್ತಾನೋ ಅಂತ. ಅವನು ಹುಡುಗನ ಶಿರಸ್ತ್ರಾಣದ ಮೇಲೆ ಕೈಯಿಟ್ಟು ಏನೋ ಹೇಳಿ ಹೋದ.

"ಏನಂದನಲೇ?" ಅಂದೆ.

"ಸೋಮವಾರನೂ ಅಲ್ಲೇ ನಿಂದ್ರು ಅಂದ್ರು." ದನಿ ಒಡೆದು ಹೋಗಿತ್ತು. "ಮುಂದಿನ ವಾರದೊಳಗ ಇಂಗ್ಲಿಷಿನ್ಯಾಗ ಕೂಗೋದು ಕಲಿ ಅಂದ್ರು."

ಅಕ್ಕ ನಕ್ಕಳು. ನಕ್ಕು, "ಅಯ್ಯೋ ಹೊಲಿಗಿ" ಅಂತ ದಿಂಬು ಒತ್ತಿಕೊಂಡಳು.

ಅಕ್ಕನ ಮನೆ, ಶನಿವಾರ

ಮಧ್ಯಾಹ್ನ ಭಾವ ಬಂದರು. ಊಟಕ್ಕೆ ಕೂತಾಗ ಅಕ್ಕ ಎಲ್ಲವನ್ನೂ ಹೇಳಿದಳು, ಒಂದೂ ಮುಚ್ಚಿಡದೆ. ಹುಡುಗ ತಟ್ಟೆ ನೋಡುತ್ತ ಕೂತಿದ್ದ. ಭಾವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಯಾವಾಗ ಕರದಿ ನನ್ನ?"

"ಲಾರಿ ಬಿಟ್ಟಾಗ ಅಪ್ಪ. ಬೂಟು ತಗಂಬಾ ಅಂತ."

"ನಂಗ ಕೇಳಸೇ ಇಲ್ಲಲೇ."

ಹುಡುಗ ತಲೆ ಎತ್ತಿದ.

"ಇಂಜಿನ್ ಚಾಲೂ ಇತ್ತು, ಕಿಟಕಿ ಹಾಕಿತ್ತು. ಏನ ಕೇಳಸಬೇಕು ನಂಗ? ಟೈರು ಸವದು ಬೋಳಾಗಿತ್ತು, ಗೊತ್ತಿದ್ದೂ ಓಡಿಸಿದೆ. ಬಿತ್ತು." ಭಾವ ತುತ್ತನ್ನು ತಟ್ಟೆಗೆ ಹಾಕಿದರು. "ನಮ್ಮೂರು ಇಟ್ಟಗ್ಯಾಗ ನಮ್ಮಜ್ಜ ದಿಬ್ಬದ ಮ್ಯಾಲ ನಿಂತು ಹಿಂದಿಂದನ ಕುರಿ ಕರೀತಿದ್ದ. ಕರೀದಿದ್ರ ಕುರಿ ಹಳ್ಳಕ್ಕ ಬೀಳ್ತಿದ್ವು. ಏಳು ವರ್ಷ ಬಾಯಿ ಮುಚ್ಕೊಂಡಿದ್ಯೇನಪ್ಪಾ?"

ಅಕ್ಕ ಎದ್ದು ಎಲ್ಲರ ತಟ್ಟೆಗೂ ಸಾರು ಬಡಿಸಿದಳು. ಬೇಡ ಅಂದರೂ ಬಡಿಸಿದಳು.

ಮತ್ತೆ ಡಲ್ಲಾಸ್

ಅಕ್ಕನ ಹೊಲಿಗೆ ಬಿಚ್ಚಿ, ಅವಳು ದಿಂಬಿಲ್ಲದೆ ನಡೆಯುವ ಹಾಗಾದ ಮೇಲೆ ಹೊರಟೆ. ಕೊಟ್ರೇಶ ಅಷ್ಟು ದಿನವೂ ಹಿಂದೆಯೇ ಆಡಿದ. ಕಾರ್ನರ್ ಆಡಿದವನು ಫ್ರೀ ಸೇಫ್ಟಿ ಆಗುವುದಿಲ್ಲ ಅಂತ ಮಂಗಳವಾರ ಹೇಳಿದವಳು ನಾನೇ. ಇವತ್ತು ಯಾರಾದರೂ ಕೇಳಿದರೆ, ಆಗಬಹುದು ಅನ್ನುತ್ತೇನೆ. ಕಾಲಿಗೆ ಕಲಿಸುವುದು ಕೋಚ್‌ಗಳಿಗೆ ಬರುತ್ತದೆ. ಉಳಿದದ್ದಕ್ಕೆ ಮನೆಯಲ್ಲೊಮ್ಮೆ ವಿಚಾರಿಸಿ.

ವಿಮಾನ ನಿಲ್ದಾಣದಲ್ಲಿ ಒಂದು ಹಂತದ ಆಚೆ ಅವರು ಬರುವಂತಿಲ್ಲ. ಭಾವ ಕೈಮುಗಿದರು. ಅಕ್ಕ ಕಣ್ಣೊರೆಸಿಕೊಂಡಳು. ನಾನು ತಿರುಗಿ ನಡೆದೆ. ಅಷ್ಟು ಜನ, ಅಷ್ಟು ಸಾಲು, ಅಷ್ಟು ಬಾಣದ ಗುರುತು. ಎದುರಿಗೆ ಕಂಡ ಸಾಲಿನ ಕಡೆ ಹೊರಟೆ. ತಿರುಗಿ ನೋಡಬಾರದು ಅಂತ ಕತ್ತು ಬಿಗಿ ಹಿಡಿದಿದ್ದೆ.

"ಸಣ್ಣಮ್ಮಾ!"

ನಿಲ್ದಾಣವೆಲ್ಲ ತಿರುಗಿ ನೋಡಿತು. ಒಬ್ಬ ಪೊಲೀಸನೂ ತಿರುಗಿದ. ನಾನೂ ತಿರುಗಿದೆ. ಅಷ್ಟು ದೂರದಲ್ಲಿ, ಎಲ್ಲರ ಹಿಂದೆ, ಹುಡುಗ ನಿಂತಲ್ಲೇ ನಿಂತು ಕೈ ಚಾಚಿದ್ದ. ಪಕ್ಕದಲ್ಲಿ ಅಕ್ಕ. ಅವಳು ಅವನ ಬಾಯಿ ಮುಚ್ಚಲಿಲ್ಲ. ಅವಳೂ ಕೈ ಚಾಚಿದ್ದಳು, ಅದೇ ಕಡೆಗೆ.

"ಅದಲ್ಲ ಸಣ್ಣಮ್ಮಾ! ಎಡಕ್ಕ! ಎಡಕ್ಕ ಹೋಗ್ರಿ!"

ಎಡಕ್ಕೆ ಹೋದೆ. ನನ್ನ ವಿಮಾನ ಅಲ್ಲಿತ್ತು.